ಒರಾಜ್ಯೋನ ಏಣಿ

ನಿಕೊಲೋಸಿ
19 ಜನವರಿ 2003

ಪ್ರೀತಿಯ ವೆನೆರಾ ಅಕ್ಕನಿಗೆ,

ನಿಮ್ಮ ಮೂರು ಕಾಗದಗಳೂ ತಲುಪಿವೆ. ಬರೆಯಲು ಕೂತಾಗಲೆಲ್ಲ ಏನೋ ನೆಪ ಮಾಡಿ ಎದ್ದುಬಿಡುತ್ತಿದ್ದೆ, ಮನ್ನಿಸಿ. ಮಂಡಿನೋವು ಹೇಗಿದೆ? ಜೆನೋವಾದ ಚಳಿ ಕೆಟ್ಟದ್ದು, ಉದಾಸೀನ ಮಾಡಬೇಡಿ.

ಇಲ್ಲಿ ಬೆಟ್ಟ ಇನ್ನೂ ಸುಮ್ಮನಾಗಿಲ್ಲ, ಬೆಂಕಿ ಬೂದಿ ಉಗುಳುತ್ತಲೇ ಇದೆ. ಬಿಸಿಲಿದ್ದರೂ ಕೊಡೆ ಹಿಡಿದೇ ಚರ್ಚಿಗೆ ಹೋಗುತ್ತೇವೆ. ಸೊಪ್ಪನ್ನು ನಾಲ್ಕು ಸಲ ತೊಳೆದರೂ ಹಲ್ಲಿಗೆ ಕರಕರ ಎನ್ನುತ್ತದೆ. ನಿಂಬೆಹಣ್ಣಿನ ಮೈಯೆಲ್ಲ ಗೀರು. ಈ ಬೂದಿಯಿಂದಲೇ ವಿಮಾನ ನಿಂತು, ನಿಮಗೆ ನಿಮ್ಮ ತಮ್ಮ ಚಿರಿನೋನ ಮುಖ ಕೊನೆಯ ಸಲ ನೋಡಲಾಗಲಿಲ್ಲ. ಶವಪೆಟ್ಟಿಗೆಯ ಮೇಲೂ ಬೀಳುತ್ತಲೇ ಇತ್ತು ಅಕ್ಕ. ನಾನು ಕರವಸ್ತ್ರದಿಂದ ಒರೆಸುತ್ತಲೇ ನಡೆದೆ.

ಹೇಗಾಯಿತೆಂದು ಮತ್ತೆ ಮತ್ತೆ ಕೇಳಿದ್ದೀರಿ. ಮಾಡಿನ ಮೇಲೆ ನಾಲ್ಕು ಬೆರಳು ಬೂದಿ ಕೂತಿತ್ತು. ಮಳೆ ಬಂದು ಅದು ನೆನೆದರೆ ಮನೆ ಕುಸಿದೀತೆಂದು ನನಗೆ ನಿದ್ದೆಯೇ ಇಲ್ಲ. ಒಣಗಿರುವಾಗಲೇ ಗುಡಿಸಿ ಎಂದು ಇವರನ್ನು ಪೀಡಿಸಿದೆ. ಚಿರಿನೋಗೆ ಕೆಮ್ಮು, ದೂಳು ಕುಡಿಯಬಾರದೆಂದು ಡಾಕ್ಟರು ಹೇಳಿದ್ದರು. ಅದೊಂದು ಚಿಂತೆ ಬೇರೆ.

ಪಕ್ಕದ ಮನೆಯ ಒರಾಜ್ಯೋ ಏಣಿ ತಂದ. “ಏನೋ ಚಿರಿನೋ, ಬೆಟ್ಟಕ್ಕೇ ಹೆದರದವ್ನು ಹೆಂಡ್ತಿಗೆ ಹೆದರ್ಕೊಂಡು ಮಾಡು ಹತ್ತೀಯಾ?” ಎಂದ.

“ಬೆಟ್ಟ ಆಗಾಗ ಸುಮ್ನಾಗತ್ತೆ ಕಣೋ, ಇವ್ಳು ಆಗಲ್ಲ,” ಎಂದು ಇವರು ನಕ್ಕು ಹತ್ತಿದರು. ನಾನು ಕಾಫಿ ಇಡಲು ಒಳಗೆ ಬಂದೆ. ಕಾಫಿ ಉಕ್ಕುವ ಮೊದಲೇ ಇವರು ಬಿದ್ದ ಸದ್ದು ಕೇಳಿಸಿತು.

‘ಆ ಏಣಿಯವನನ್ನು ಹೊಸ್ತಿಲು ತುಳಿಸಬೇಡ’ ಎಂದು ಬರೆದಿದ್ದೀರಿ. ಏಣಿ ಸರಿಯಾಗಿ ಹಿಡಿಯಲಿಲ್ಲವೆಂದು ಊರವರೂ ಅವನನ್ನೇ ದೂರುತ್ತಾರೆ. ಅವನು ಏಣಿ ಮುರಿದು ಒಲೆಗೆ ಹಾಕಿಬಿಟ್ಟ. ನಿನ್ನೆ ಗೇಟಿನಾಚೆ ನಿಂತು, “ಅತ್ಗೇ, ನಾನ್ ಗಟ್ಟಿಯಾಗೇ ಹಿಡ್ಕೊಂಡಿದ್ದೆ, ದೇವ್ರಾಣೆ,” ಎಂದು ಅತ್ತ. ನಾನು ಬಾಗಿಲು ತೆರೆಯಲಿಲ್ಲ.

ದೇವಮಾತೆ ನಿಮ್ಮನ್ನು ಕಾಯಲಿ. ಮೆಟ್ಟಿಲಿಳಿಯುವಾಗ ಕೋಲು ಮರೆಯಬೇಡಿ.

ನಿಮ್ಮ
ಅಲ್ಫಿಯಾ

ಮರೆತದ್ದು: ಮರೆತಿರಲಿಲ್ಲ ಅಕ್ಕ, ಬರೆಯಲು ಕೈ ಬರಲಿಲ್ಲ. ಅವತ್ತು ಅವರು ಹತ್ತುವ ಮೊದಲು ಅಟ್ಟದ ಕಿಟಕಿಯಿಂದ ಮಾಡಿಗೆ ಎರಡು ಬಕೆಟ್ ನೀರು ಚೆಲ್ಲಿದ್ದೆ. ದೂಳೇಳದಿರಲಿ, ಅವರಿಗೆ ಕೆಮ್ಮು ಬರದಿರಲಿ ಎಂದು. ನೆನೆದ ಬೂದಿ ಜಾರುತ್ತದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮೇಲಿನಿಂದ, “ಲೇ ಅಲ್ಫಿಯಾ, ಇಲ್ಲೆಲ್ಲ ಒದ್ದೆ ಇದ್ಯಲ್ಲೇ, ರಾತ್ರಿ ಮಳೆ ಬಂತಾ?” ಎಂದು ಕೂಗಿ ಕೇಳಿದರು. ಬೈದಾರೆಂದು, “ಹೂಂ, ಒಂಚೂರು ಹನಿ ಬಿತ್ತು,” ಎಂದುಬಿಟ್ಟೆ.

ಈ ಕಾಗದವನ್ನು ಅಂಟಿಸದೆ ಒರಾಜ್ಯೋನ ಕೈಗೇ ಕೊಡುತ್ತೇನೆ. ಮೊದಲು ಅವನು ಓದಲಿ, ಆಮೇಲೆ ಅಂಚೆಗೆ ಹಾಕಲಿ.