ನಾನೇ ದೂರು ಕೊಟ್ಟ ಸೋಫಾ

ಊರಿನ ಉದ್ಯಾನಗಳ ಹೊಣೆ ಹೊತ್ತಿರುವ ಮಾನ್ಯರೇ,

ನಮ್ಮ ಪಾರ್ಕಿನಲ್ಲಿ ಬಿದ್ದಿದ್ದ ಕಸವನ್ನು ತಾವು ಕೊನೆಗೂ ತೆಗೆಸಿದ್ದೀರಿ. ಅದರ ವಿರುದ್ಧವೇ ಈ ದೂರು. ಗಾಬರಿಯಾಗಬೇಡಿ, ನನಗೆ ತಲೆ ಕೆಟ್ಟಿಲ್ಲ. ತಾವು ತೆಗೆಸಿದ್ದು ಒಂದು ಹಳೆಯ ಸೋಫಾವನ್ನು ಮಾತ್ರ. ಅದರ ಸುತ್ತ ಇದ್ದ ಪ್ಲಾಸ್ಟಿಕ್ ಚೀಲಗಳು, ಬಾಟಲಿಗಳು, ಒಡೆದ ಕಮೋಡು, ಯಾರದೋ ಹಾಸಿಗೆಯಿಂದ ಕಿತ್ತು ಬಂದ ಹತ್ತಿ ಎಲ್ಲವೂ ಇದ್ದಲ್ಲೇ ಕ್ಷೇಮವಾಗಿವೆ. ಇಡೀ ಪಾರ್ಕಿನಲ್ಲಿ ಮನುಷ್ಯರ ಉಪಯೋಗಕ್ಕೆ ಬರುತ್ತಿದ್ದ ಒಂದೇ ಒಂದು ವಸ್ತುವನ್ನು ಹುಡುಕಿ, ಅದನ್ನೇ ಕಸವೆಂದು ಹೊತ್ತೊಯ್ದ ತಮ್ಮ ಕಚೇರಿಯ ಸೂಕ್ಷ್ಮದೃಷ್ಟಿಯನ್ನು ಮೆಚ್ಚಲೇಬೇಕು.

ಮೊದಲಿನಿಂದ ಹೇಳುತ್ತೇನೆ. ನಾನು ಪಾರ್ಕಿನ ಗೇಟಿನೆದುರು ಟೈಲರ್ ಅಂಗಡಿ ಇಟ್ಟುಕೊಂಡಿರುವವಳು. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ಎಂಟು ತಿಂಗಳ ಹಿಂದೆ ಯಾರೋ ಪುಣ್ಯಾತ್ಮರು ಮೂರು ಜನ ಕೂರುವಷ್ಟು ಉದ್ದದ ಸೋಫಾವೊಂದನ್ನು ತಂದು ಪಾರ್ಕಿನ ಕಸದ ರಾಶಿಯ ಪಕ್ಕ ಎಸೆದು ಹೋದರು. ನಾನು ತಮ್ಮ ಆ್ಯಪ್ ತೆರೆದು ದೂರು ಕೊಡಲು ಕೂತೆ. 'ಕಸದ ವಿಧ' ಯಾವುದೆಂದು ಕೇಳಿತು, ಒಂದನ್ನೇ ಆರಿಸಬೇಕಂತೆ. ಪಕ್ಕದ ಸೆಲೂನಿನವರು ಕತ್ತರಿ ಕೈಯಲ್ಲಿ ಹಿಡಿದೇ ಬಂದು ಸಲಹೆ ಕೊಟ್ಟರು. "ಸಣ್ಣಪುಟ್ಟ ಕಸ ಅಂತ ಹಾಕಿದ್ರೆ ಯಾರೂ ತಿರುಗಿ ನೋಡಲ್ಲ ಅಕ್ಕಾ. ಪೀಠೋಪಕರಣ ಅಂತ ಒತ್ತಿ. ದೊಡ್ಡದಕ್ಕೆ ಲಾರಿ ಬರುತ್ತೆ. ಲಾರಿ ಬಂದ್ಮೇಲೆ ಉಳಿದಿದ್ದನ್ನ ಬಿಟ್ಟು ಹೋಗ್ತಾರಾ?" ಹೌದಲ್ಲ ಎನಿಸಿತು, ಒತ್ತಿದೆ. ನನ್ನ ತಲೆಯ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಹೀಗೆ.

ದೂರು ಸ್ವೀಕೃತವಾಗಿದೆ ಎಂದು ಸಂದೇಶ ಬಂತು. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಅಷ್ಟರಲ್ಲಿ ನನ್ನ ಅತ್ತೆ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ದಿನಾ ನಡೆಸಿ. ನಡೆಸಿದ್ರೆ ನಡೀತಾರೆ, ಕೂರಿಸಿದ್ರೆ ಕೂತೇಬಿಡ್ತಾರೆ" ಎಂದರು. ವಾಕರ್ ಹಿಡಿದು ನೂರೈವತ್ತು ಹೆಜ್ಜೆಯಾಗುವ ಹೊತ್ತಿಗೆ ಅತ್ತೆಯ ಕಾಲು ನಡುಗಲು ಶುರುವಾಗುತ್ತದೆ, ಎಲ್ಲಾದರೂ ಕೂರಲೇಬೇಕು. ಪಾರ್ಕಿನಲ್ಲಿ ಬೆಂಚು ಎಂಬುದು ಹೆಸರಿಗೂ ಇಲ್ಲ. ನಮ್ಮ ಹೊಸಿಲಿನಿಂದ ಆ ಸೋಫಾಗೆ ನೂರಾ ನಲವತ್ತು ಹೆಜ್ಜೆ. ಅಳತೆ ನನ್ನ ಕಸುಬು, ಇದರಲ್ಲಿ ಅನುಮಾನ ಬೇಡ.

ಒಂದು ಸಂಜೆ ನೋಡಿದರೆ ಅತ್ತೆ ಅದರ ಮೇಲೆ ಹಾಯಾಗಿ ಒರಗಿ ಕೂತಿದ್ದಾರೆ. "ಅಯ್ಯೋ ಏಳಿ ಅತ್ತೆ, ಅದು ಕಸ" ಎಂದೆ.

"ನನ್ನನ್ನೂ ಯಾರೂ ಎತ್ಕೊಂಡು ಹೋಗಿಲ್ಲ, ಇದನ್ನೂ ಯಾರೂ ಎತ್ಕೊಂಡು ಹೋಗಿಲ್ಲ. ನಮ್ಮಿಬ್ಬರಿಗೂ ಸರಿಹೋಗಿದೆ, ನೀನು ಸುಮ್ನಿರು" ಎಂದರು.

ನಾನು ಸುಮ್ಮನಿರಲಿಲ್ಲ. ಟೇಪು ತಂದು ಅಳತೆ ತೆಗೆದು, ಉಳಿದ ರೆಕ್ಸಿನ್ ತುಂಡುಗಳನ್ನು ಜೋಡಿಸಿ, ಅಂಚಿಗೆ ಎಲಾಸ್ಟಿಕ್ ಕೊಟ್ಟು ಕವರ್ ಹೊಲಿದೆ. ಅತ್ತೆ ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ಬರತೊಡಗಿದರು. ಪೋಸ್ಟ್‌ಮ್ಯಾನ್ ಚೀಲ ಇಳಿಸಿ ಕೂತರು. ತುಂಬಿದ ಬಸುರಿಯೊಬ್ಬಳು ಕೂತಳು. ನನ್ನ ದೂರನ್ನು ಆಗಲೇ ಹಿಂತೆಗೆದುಕೊಳ್ಳಬೇಕಿತ್ತು, ತಪ್ಪು ನನ್ನದೇ. ಆದರೆ ತಮ್ಮ ಕಚೇರಿ ಒಂದಲ್ಲ ಒಂದು ದಿನ ಕೆಲಸ ಮಾಡಿಯೇಬಿಡುತ್ತದೆ ಎಂದು ಯಾರು ತಾನೇ ಊಹಿಸಿಯಾರು?

ಮಳೆಗಾಲಕ್ಕೆ ಸೋಫಾ ನಿಲ್ಲುವುದಿಲ್ಲವೆಂದು ಎರಡು ತಿಂಗಳ ಹಿಂದೆ ಒಂದು ಬೆಂಚು ಹಾಗೂ ಒಂದು ಕಸದ ಡಬ್ಬಿ ಕೋರಿ ತಮಗೆ ಅರ್ಜಿ ಬರೆದೆ. ಸೌಲಭ್ಯ ವಿಭಾಗದವರೊಬ್ಬರು ಬಂದರು, ಸುಸ್ತಾಗಿದ್ದರೆಂದು ಕಾಣುತ್ತದೆ, ಸೋಫಾದ ಮೇಲೆಯೇ ಕೂತು ವರದಿ ಬರೆದುಕೊಂಡು ಹೋದರು. ಉತ್ತರ ಬಂತು. "ಸದರಿ ಸ್ಥಳದಲ್ಲಿ ಸುಸ್ಥಿತಿಯಲ್ಲಿರುವ ಆಸನ ವ್ಯವಸ್ಥೆಯು ಈಗಾಗಲೇ ಕಂಡುಬಂದಿರುವುದರಿಂದ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ." ಕಸದ ಡಬ್ಬಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ನನ್ನ ಹೊಲಿಗೆಗೆ ಸರ್ಕಾರಿ ಪ್ರಮಾಣಪತ್ರ ಸಿಕ್ಕಿತೆಂದು ಅತ್ತೆ ನಕ್ಕರು.

ಮುಂದಿನ ವಾರವೇ ತಮ್ಮ ಕಸ ವಿಭಾಗದ ಲಾರಿ ಬಂತು. ಅತ್ತೆ ಆಗ ಅಲ್ಲೇ ಕೂತಿದ್ದರು. ಲಾರಿಯಿಂದಿಳಿದವರು ಬಹಳ ಮರ್ಯಾದೆಯಿಂದ, "ಸ್ವಲ್ಪ ಏಳ್ತೀರಾ ಅಜ್ಜಿ?" ಎಂದು ಕೈಹಿಡಿದು ಎಬ್ಬಿಸಿ, ಸೋಫಾ ಎತ್ತಿ ಲಾರಿಗೆ ಹಾಕಿದರು. ನಾನು ಸೂಜಿ ದಾರ ಬಿಟ್ಟು ಓಡಿದೆ. ಸೋಫಾ ಬೇಡ ಎಂದೆ, ಕೇಳಲಿಲ್ಲ. ಹೋಗಲಿ, ಈ ಚೀಲಗಳನ್ನಾದರೂ ಒಯ್ಯಿರಿ ಎಂದೆ. ಮೇಸ್ತ್ರಿ ಚೀಟಿ ತೋರಿಸಿದರು. "ನಮ್ಮ ಚೀಟೀಲಿ ಪೀಠೋಪಕರಣ ಅಂತ ಅಷ್ಟೇ ಇದೆ ಮೇಡಂ. ಚೀಲ ಬೇರೆಯವರ ಚೀಟಿ. ದೂರು ಕೊಟ್ಟವರು ಯಾರೋ, ಅವರನ್ನೇ ಕೇಳಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಬರೆ ಹಾಕುವ ಕಚೇರಿಯ ವಿಳಾಸ ಮಾತ್ರ ಗೊತ್ತಿರಲಿಲ್ಲ. ಒಂದೇ ಸೋಫಾ ತಮ್ಮ ಕಚೇರಿಯ ಮೊದಲ ಮಹಡಿಯ ಸೌಲಭ್ಯ ವಿಭಾಗದಲ್ಲಿ ಆಸನ, ನೆಲಮಹಡಿಯ ಕಸ ವಿಭಾಗದಲ್ಲಿ ಕಸ. ಈಗ ಅದು ಪಾರ್ಕಿನಲ್ಲಿಲ್ಲ, ಆದರೆ ತಮ್ಮ ಕಡತದಲ್ಲಿ ಸುಸ್ಥಿತಿಯಲ್ಲಿದೆ. ಮತ್ತೆ ಅರ್ಜಿ ಹಾಕಿದರೆ ಆಸನ ಈಗಾಗಲೇ ಇದೆ ಎಂಬ ಅದೇ ಉತ್ತರ ಬರುತ್ತಿದೆ. ಅತ್ತೆ ಹೋಗಿ ಕಡತದ ಮೇಲೆ ಕೂರಬೇಕೇ?

ತಮಾಷೆ ಸಾಕು. ಲಾರಿ ಹೋದ ದಿನ ಅತ್ತೆಯನ್ನು ವಾಪಸ್ ಕರೆತರುವಾಗ ಅವರು ನನ್ನ ಭುಜ ಹಿಡಿದು ಎರಡು ಸಲ ಹಿಂತಿರುಗಿ ನೋಡಿದರು. "ಹಳೇದು ಒಯ್ದು ಹೊಸದು ಹಾಕ್ತಾರೇನೋ ಅಂದ್ಕೊಂಡು ಎದ್ದುಬಿಟ್ಟೆ ಕಣೆ" ಎಂದರು. ನನಗೆ ಅಳು ಬಂತು. ಆಮೇಲೆ ಹನ್ನೆರಡು ದಿನ ಅವರು ಹೊಸಿಲು ದಾಟಲಿಲ್ಲ. ಡಾಕ್ಟರು ಹೇಳಿದಂತೆ ಕೂತೇಬಿಡುತ್ತಾರೆ ಎಂಬ ಭಯದಲ್ಲಿ ನಾನು ಎರಡು ರವಿಕೆಗಳಿಗೆ ತೋಳು ಉಲ್ಟಾ ಹೊಲಿದೆ.

ಹದಿಮೂರನೆಯ ದಿನ ಅವರೇ ವಾಕರ್ ಎಳೆದುಕೊಂಡರು. "ಪಾರ್ಕಲ್ಲಿ ಇಲ್ದಿದ್ರೆ ಬೇಡ. ಅವರ ಆಫೀಸಿನ ವರಾಂಡದಲ್ಲಿ ಬೆಂಚಿದೆಯಲ್ಲ, ಅಲ್ಲಿಗೇ ಹೋಗೋಣ ನಡಿ." ನಮ್ಮ ಅಂಗಡಿಯಿಂದ ಅದೇ ಬೀದಿಯಲ್ಲಿರುವ ತಮ್ಮ ಕಚೇರಿಯ ಆ ಬೆಂಚಿಗೆ ನೂರಾ ನಲವತ್ತೆಂಟು ಹೆಜ್ಜೆ. ನಿನ್ನೆ ಹೋಗಿ ಬಂದೆವು. ಬಹಳ ಗಟ್ಟಿಯಾದ ಬೆಂಚು, ಅಭಿನಂದನೆಗಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸೋಫಾ ಇದ್ದ ಜಾಗದಲ್ಲಿ ಒರಗುವ ಬೆನ್ನಿರುವ, ಕೈಯೂರಿ ಏಳಲು ಹಿಡಿಯಿರುವ ಒಂದು ಬೆಂಚು ಹಾಕಿಸಿ, ಪಕ್ಕಕ್ಕೊಂದು ಕಸದ ಡಬ್ಬಿ ಇಡಿಸಿ. ಚೀಲಗಳನ್ನು ಯಾರ ಚೀಟಿಯಲ್ಲಾದರೂ ಬರೆದು ಒಯ್ಯಿರಿ. ಅಲ್ಲಿಯವರೆಗೆ ಅತ್ತೆ ಪ್ರತಿದಿನ ಹತ್ತೂವರೆಗೆ ತಮ್ಮ ವರಾಂಡಕ್ಕೆ ಬರುತ್ತಾರೆ. ಜಗಳವಾಡುವುದಿಲ್ಲ, ಘೋಷಣೆ ಕೂಗುವುದಿಲ್ಲ. ಆದರೆ ತಮಗೊಂದು ವಿಷಯ ತಿಳಿಸಲೇಬೇಕು. ಅವರು ಇದೇ ಊರಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಲೆಕ್ಕ ಕಲಿಸಿದವರು. ನಿನ್ನೆ ಒಂದೇ ದಿನದಲ್ಲಿ ತಮ್ಮ ಸಿಬ್ಬಂದಿಯ ಪೈಕಿ ನಾಲ್ವರು ಹಳೆಯ ವಿದ್ಯಾರ್ಥಿಗಳನ್ನು ಗುರುತು ಹಿಡಿದು, ಏಳನೆಯ ತರಗತಿಯಲ್ಲಿ ಯಾರು ಎಷ್ಟು ಅಂಕ ತೆಗೆದಿದ್ದರೆಂಬುದನ್ನು ಇಡೀ ವರಾಂಡಕ್ಕೆ ಕೇಳುವಂತೆ ವಿಚಾರಿಸಿದರು. ಸೊಂಟ ಮುರಿದಿದ್ದರೂ ಗಂಟಲು ಗಟ್ಟಿಯಾಗಿದೆ. ತಾವೂ ಇದೇ ಶಾಲೆಯಲ್ಲಿ ಓದಿದವರೆಂದು ಯಾರೋ ಹೇಳಿದರು. ಯಾವ ವರ್ಷದ ಬ್ಯಾಚು ಎಂದು ಅತ್ತೆ ಈಗ ನೆನಪು ಮಾಡಿಕೊಳ್ಳುತ್ತಿದ್ದಾರೆ.

ಇಂತಿ,
ಕಸವೆಂದು ದೂರು ಕೊಟ್ಟವಳೂ, ಆ ಕಸಕ್ಕೇ ಕವರ್ ಹೊಲಿದವಳೂ ಆದ
ಪಾರ್ಕಿನ ಗೇಟಿನೆದುರಿನ ಟೈಲರ್