ನುಡಿಸದೆ ಕೊಂಡ ಊದ್

ನವೆಂಬರ್ ೯, ಗುರುವಾರ

ಊದ್ ಎಂಬ ತಂತಿವಾದ್ಯ ಕೊಂಡದ್ದೂ ಆಯಿತು, ಪೇಚಿಗೆ ಸಿಕ್ಕಿಕೊಂಡದ್ದೂ ಆಯಿತು.

ನಮ್ಮ ಶುಬ್ರಾ ಬಡಾವಣೆಯ ಮದುವೆಗಳಲ್ಲಿ ನುಡಿಸುತ್ತಿದ್ದ ಶಫೀಕ್ ಮಾವ ತಮ್ಮ ಹಳೆಯ ಊದ್‌ನ ತಂತಿ ಬಿಗಿದು, “ತಗೋ ಮಗಳೇ, ಒಂದ್ಸಲ ಮೀಟಿ ನೋಡು” ಎಂದರು. ಏನೂ ಬಾರದ ನಾನು ಅವರೆದುರು ಮೀಟುವುದೇ? “ನೀವೇ ನುಡಿಸಿ ಮಾವ, ಕೇಳ್ತೀನಿ” ಎಂದೆ. ಎಷ್ಟು ಚೆನ್ನಾಗಿ ನುಡಿಸಿದರೆಂದರೆ, ಅಲ್ಲೇ ಕೊಂಡುಬಿಟ್ಟೆ.

ಮನೆಗೆ ತಂದು ತೊಡೆಯ ಮೇಲಿಟ್ಟರೆ, ಮೇಲಿರಬೇಕಾದ ದಪ್ಪ ತಂತಿಗಳು ಕೆಳಗಿವೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನನ್ನ ಮದುವೇಲೂ ಅವನೇ ನುಡಿಸಿದ್ದು. ಅವನು ಎಡಚ ಕಣೇ! ಎದುರಿಗೇ ಕೂತು ಏನು ನೋಡ್ತಿದ್ದೆ?”

ನೆಲಹಾಸು ನೋಡುತ್ತಿದ್ದೆ. ಕೆಂಪು ಹೂವು, ಕಂದು ಅಂಚು, ಒಂದು ಮೂಲೆಯಲ್ಲಿ ಚಹಾದ ಕಲೆ.

“ನಾಳೆ ವಾಪಸ್ ಕೊಟ್ಟು ಬಾ” ಎಂದಳು. ಕೊಡಬಹುದು. ಆದರೆ ಅವರು ಇನ್ನೊಂದು ಊದ್ ಕೈಗಿತ್ತು, “ಹಾಗಾದ್ರೆ ಇದನ್ನ ಮೀಟು” ಅಂದರೆ?

ಬೇಡ. ಎಡಗೈಯಲ್ಲೇ ಕಲಿಯುತ್ತೇನೆ. ಹೇಗೂ ಬಲಗೈಗೂ ಏನೂ ಬರುವುದಿಲ್ಲ.