ಲುಜೈನ್ ಅನ್ನೋ ಹುಡುಗಿ

ಮಾರ್ಚ್ ಹನ್ನೆರಡು, ಮಂಗಳವಾರ. ಇರ್ಬಿದ್, ಜೋರ್ಡಾನ್.

ಮೂರು ವಾರ ಫೇಸ್‌ಬುಕ್ಕಲ್ಲಿ ನನ್ನ ನಿದ್ದೆ ಕೆಡಿಸಿದ ಲುಜೈನ್ ಭೂಮಿ ಮೇಲೇ ಇಲ್ವಂತೆ!

ಇವತ್ತು ಯೂನಿವರ್ಸಿಟೀಲಿ ಪಿಎಚ್‌ಡಿ ಮಾಡೋ ತಸ್ನೀಮ್ ಮೇಡಂ ನಮ್ಮ ಜೆರಾಕ್ಸ್ ಅಂಗಡೀಲಿ ತನ್ನ ಸಂಶೋಧನಾ ಪ್ರಬಂಧ ಬೈಂಡ್ ಮಾಡಿಸೋಕೆ ಬಂದ್ಲು. ಹಾಳೆ ಜೋಡಿಸ್ತಾ ಓದ್ತೀನಿ, ಲುಜೈನ್ ಇವಳೇ! ಗುರುತಿಲ್ಲದೋರಿಗೆ ಸ್ಟೂಡೆಂಟ್‌ಗಳು ಎಷ್ಟು ಗುಟ್ಟು ಬಿಟ್ಟುಕೊಡ್ತಾರೆ ಅಂತ ನೋಡೋಕೆ ಮಾಡಿದ ಕಳ್ಳ ಖಾತೆ. ನನ್ನ ಮೊದಲನೇ ಬೆಕ್ಕಿನ ಹೆಸರು ಕೇಳಿದಾಗ ಪ್ರೀತಿ ಅಂದ್ಕೊಂಡು ಮಿಶ್ಮಿಶ್ ಅಂದಿದ್ದೆ. ಅದು ಪಾಸ್‌ವರ್ಡ್ ಕದಿಯೋರು ಕೇಳೋ ಪ್ರಶ್ನೆಯಂತೆ.

ಮೈ ಉರಿದಿದ್ದು ಕೊನೇ ಪುಟಕ್ಕೆ. 'ಒಬ್ಬಾತ ವಿದ್ಯಾರ್ಥಿಯಲ್ಲ, ಲೆಕ್ಕದಿಂದ ಕೈಬಿಡಲಾಗಿದೆ.' ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಖಾತೇಲಿ ಯೂನಿವರ್ಸಿಟಿ ಅಂತ ಹಾಕ್ಕೊಂಡೋನು ನಾನೇ. ನಮ್ಮ ಅಂಗಡಿ ಯೂನಿವರ್ಸಿಟಿ ಗೇಟಿನ ಎದುರೇ ಇದೆಯಲ್ಲ!

"ಮೋಸ ಹೋಗೋಕೂ ಡಿಗ್ರಿ ಬೇಕೇನ್ರೀ ಮೇಡಂ?" ಅಂತ ಕೂಗಿದೆ.

"ಅಯ್ಯೋ, ಆ ಕುಸೈ ನೀನೇನಾ?" ಅವಳ ಮುಖ ಕೆಂಪಾಯ್ತು. "ಮಿಕ್ಕೋರೆಲ್ಲ ಫೋಟೋ ಕಳ್ಸು ಅಂದ್ರು ಕಣೋ. ದಿನಾ ಊಟ ಆಯ್ತಾ ಅಂತ ಕೇಳಿದ್ದು ನೀನೊಬ್ನೇ. ಅದನ್ನ ಬರೆಯೋಕೆ ನನ್ನ ಪಟ್ಟೀಲಿ ಜಾಗಾನೇ ಇರ್ಲಿಲ್ಲ."

ಜಾಗ ಇರ್ಲಿಲ್ವಂತೆ! ಸಿಟ್ಟಲ್ಲಿ ಐದೂ ಪ್ರತಿಗೆ ರಟ್ಟು ತಲೆಕೆಳಗಾಗಿ ಹಾಕ್ಬಿಟ್ಟೆ. ಅವಳು ನೋಡ್ದೇನೇ ಎತ್ಕೊಂಡು ಹೋದ್ಲು. ನಾಳೆ ಹತ್ತಕ್ಕೆ ಪ್ರೊಫೆಸರ್‌ಗಳ ಮುಂದೆ ಇಡ್ಬೇಕು ಅವಳು.

ಚೆನ್ನಾಗಾಯ್ತು ಅಂತ ನಗ್ತಾ ಮಲಗಿದ್ದೆ. ನಿದ್ದೆ ಬರ್ತಿಲ್ಲ. ಥೂ, ಬೆಳಗ್ಗೆ ಏಳಕ್ಕೇ ಅವಳ ಹಾಸ್ಟೆಲ್ ಗೇಟಲ್ಲಿ ನಿಂತು ಬಿಚ್ಚಿ ಸರಿ ಮಾಡ್ಕೊಡ್ಬೇಕು. ಆದ್ರೆ ತಪ್ಪಾಯ್ತು ಅಂತ ಮಾತ್ರ ನನ್ನ ಬಾಯಲ್ಲಿ ಬರೋಲ್ಲ.